ಆ ಆಕಾಶ ಯಾಕೆ ಅಷ್ಟು ಕಪ್ಪು? ಕಪ್ಪು-ಬಿಳುಪು ನಿಸರ್ಗ ಫೋಟೋ ನೋಡುವ ಬಗೆ

2025ರ ಮೇ ತಿಂಗಳಲ್ಲಿ ಬ್ರೆಜಿಲ್ ಮೂಲದ ಫೋಟೋಗ್ರಾಫರ್ ಸೆಬಾಸ್ಟಿಯಾವೊ ಸಲ್ಗಾಡೊ ತೀರಿಕೊಂಡರು. ಅವರ ಹೆಸರನ್ನೇ ಕೇಳಿರದ ಎಷ್ಟೋ ಜನರ ಫೋನಿಗೂ ಆಗ ಅವರ ಫೋಟೋಗಳು ಬಂದು ಬಿದ್ದವು. ಹಿಮದ ಬಂಡೆ, ಮೋಡ ಹೊದ್ದ ಕಾಡು, ಮರಳಿನ ದಿಬ್ಬ. ಒಂದರಲ್ಲೂ ಬಣ್ಣ ಇಲ್ಲ. ನೋಡಿದ ತಕ್ಷಣ 'ಅಬ್ಬಾ' ಅನ್ನಿಸುತ್ತದೆ, ಇನ್ನೊಬ್ಬರಿಗೆ ಕಳಿಸುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಇದರಲ್ಲಿ ಏನು ಚೆನ್ನಾಗಿದೆ ಅಂತ ಯಾರಾದರೂ ತಿರುಗಿ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಈಗ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಯಾವ ಫೋಟೋ ಬೇಕಾದರೂ ಕಪ್ಪು-ಬಿಳುಪಾಗುತ್ತದೆ. ಆದರೆ ಹಾಗೆ ಮಾಡಿದ ಬೆಟ್ಟದ ಫೋಟೋ ಸಾಮಾನ್ಯವಾಗಿ ಸಪ್ಪೆ. ಆಕಾಶ, ಮರ, ಹುಲ್ಲು ಎಲ್ಲ ಹೆಚ್ಚು ಕಡಿಮೆ ಒಂದೇ ಬೂದು. ಅದೇ ಬೆಟ್ಟವನ್ನು ಬಲ್ಲವರು ತೆಗೆದರೆ ಕಣ್ಣು ಕೀಳಲು ಆಗುವುದಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ. ಒಳ್ಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಯಾವ ಬಣ್ಣ ಎಷ್ಟು ಬೂದಾಗಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನಗಳನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ಮಿಕ್ಕ ಅರ್ಧ ನಿಧಾನವಾಗಿ ನೋಡುವುದು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಣ್ಣ ಹೋದ ಮೇಲೆ ಏನು ಉಳಿಯುತ್ತದೆ?

ಉಳಿಯುವುದು ಬೆಳಕಿನ ಪ್ರಮಾಣ. ಫೋಟೋದ ಒಂದೊಂದು ಜಾಗವೂ ಎಷ್ಟು ಬೆಳಗಿದೆ, ಎಷ್ಟು ಕಪ್ಪಗಿದೆ ಅನ್ನುವುದಷ್ಟೇ. ಇದನ್ನು ಫೋಟೋಗ್ರಾಫರ್‌ಗಳು ಟೋನ್ ಅನ್ನುತ್ತಾರೆ. ಅತಿ ಕಪ್ಪಿಗೂ ಅತಿ ಬಿಳುಪಿಗೂ ಇರುವ ಅಂತರಕ್ಕೆ ಕಾಂಟ್ರಾಸ್ಟ್ ಅಂತ ಹೆಸರು. ಈ ಎರಡು ಪದ ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಬಣ್ಣವಿಲ್ಲದೆ ನೋಡುವುದು ನಮಗೆ ಹೊಸದೇನೂ ಅಲ್ಲ. ಕಣ್ಣಿನ ಹಿಂಬದಿಯ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಕೋನ್ ಕೋಶಗಳು ಬಣ್ಣ ಗುರುತಿಸುತ್ತವೆ, ಆದರೆ ಅವಕ್ಕೆ ಬೆಳಕು ಜಾಸ್ತಿ ಬೇಕು. ರಾಡ್ ಕೋಶಗಳಿಗೆ ತೀರಾ ಸ್ವಲ್ಪ ಬೆಳಕು ಸಾಕು, ಆದರೆ ಬಣ್ಣ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಬೆಳದಿಂಗಳಲ್ಲಿ ಮರಗಳನ್ನು ನೋಡಿ. ಎಲೆ ಹಸಿರು ಅಂತ ಗೊತ್ತಿರುತ್ತದೆ, ಕಣ್ಣಿಗೆ ಕಾಣುವುದು ಬೂದು. ಅಂದರೆ ದಿನದ ಒಂದು ಹೊತ್ತು ನಾವೆಲ್ಲ ಕಪ್ಪು-ಬಿಳುಪಿನಲ್ಲೇ ನೋಡುತ್ತೇವೆ, ಗಮನಿಸಿರುವುದಿಲ್ಲ ಅಷ್ಟೇ.

ತೊಂದರೆ ಶುರುವಾಗುವುದು ಬಣ್ಣವನ್ನು ಬೂದಿಗೆ ಇಳಿಸುವಾಗ. ಹಸಿರು ಎಲೆಗಳ ನಡುವೆ ಒಂದು ಕೆಂಪು ಹೂವು ಇದೆ ಅಂತಿಟ್ಟುಕೊಳ್ಳಿ. ಬಣ್ಣದ ಫೋಟೋದಲ್ಲಿ ಅದು ಕೂಗಿ ಕರೆಯುತ್ತದೆ. ಆದರೆ ಆ ಕೆಂಪೂ ಆ ಹಸಿರೂ ಸರಿಸುಮಾರು ಒಂದೇ ಪ್ರಮಾಣದ ಬೆಳಕನ್ನು ಕಳಿಸುತ್ತಿದ್ದರೆ, ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದು. ಹೂವು ಮಾಯ. ಫೋನಿನ ಬಟನ್ ಇಂಥ ಕಡೆಯೇ ಕೈಕೊಡುತ್ತದೆ. ಕಂಪ್ಯೂಟರ್‌ಗಳು ಬಣ್ಣವನ್ನು ಬೂದು ಮಾಡುವಾಗ ಬಳಸುವ ಒಂದು ಸಾಮಾನ್ಯ ಲೆಕ್ಕದಲ್ಲಿ ಹಸಿರಿಗೆ 100ರಲ್ಲಿ ಸುಮಾರು 72 ಭಾಗ, ಕೆಂಪಿಗೆ 21, ನೀಲಿಗೆ ಬರೀ 7. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ ಕಾಣುವುದರಿಂದ ಈ ಹಂಚಿಕೆ. ಲೆಕ್ಕ ಸರಿಯಾಗೇ ಇದೆ, ಆದರೆ ಎಲ್ಲ ಫೋಟೋಗೂ ಅದೇ ಲೆಕ್ಕ. ಈ ಫೋಟೋದಲ್ಲಿ ಹೂವು ಮುಖ್ಯವೋ ಎಲೆ ಮುಖ್ಯವೋ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಕಪ್ಪು-ಬಿಳುಪು ಫೋಟೋ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ತುಂಬಾ ಸರಳ. ಇಲ್ಲಿ ಯಾವುದು ಬೆಳಗಿದೆ, ಯಾವುದು ಕಪ್ಪಾಗಿದೆ, ಮತ್ತು ನಾನೇ ಅಲ್ಲಿ ನಿಂತಿದ್ದರೆ ಹೀಗೆ ಕಾಣುತ್ತಿತ್ತಾ?

ಆಕಾಶದ ಕಥೆ

ಈ ಪ್ರಶ್ನೆಯನ್ನು ಆಕಾಶದಿಂದ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ನಿಸರ್ಗದ ಫೋಟೋದಲ್ಲಿ ಹೆಚ್ಚು ಕೈವಾಡ ನಡೆಯುವುದು ಅಲ್ಲೇ.

ಹತ್ತೊಂಬತ್ತನೇ ಶತಮಾನದ ಹಳೆಯ ಫೋಟೋಗಳನ್ನು ನೋಡಿದರೆ ಬಹುತೇಕ ಎಲ್ಲದರಲ್ಲೂ ಆಕಾಶ ಖಾಲಿ ಬಿಳಿ. ಮೋಡ ಇರಲಿಲ್ಲ ಅಂತಲ್ಲ. ಆ ಕಾಲದ ಫೋಟೋ ತಟ್ಟೆಗಳಿಗೆ, ಅಂದರೆ ಫಿಲ್ಮಿನ ಜಾಗದಲ್ಲಿ ಬಳಸುತ್ತಿದ್ದ ರಾಸಾಯನಿಕ ಬಳಿದ ಗಾಜಿಗೆ, ನೀಲಿ ಮತ್ತು ನೇರಳೆ ಕಡೆಯ ಬೆಳಕು ಮಾತ್ರ ತಾಗುತ್ತಿತ್ತು. ಕೆಂಪು, ಹಳದಿ ಇದ್ದೂ ಇಲ್ಲದ ಹಾಗೆ. ನೆಲ, ಮರ ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿ ಆಕಾಶ ಅಷ್ಟರಲ್ಲಿ ಉರಿದುಹೋಗಿರುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಹೊತ್ತಿಗೆ ಇದಕ್ಕೊಂದು ಉಪಾಯ ಬಳಸಿದ. ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಬೇರೆ ನೆಗೆಟಿವ್. (ನೆಗೆಟಿವ್ ಅಂದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮೂಡಿದ ಮೂಲಪ್ರತಿ, ಪ್ರಿಂಟ್ ಬರುವುದು ಅದರಿಂದ.) ಎರಡನ್ನೂ ದಿಗಂತದ ಗೆರೆಯಲ್ಲಿ ಸೇರಿಸಿ ಒಂದೇ ಪ್ರಿಂಟ್ ಮಾಡಿದ. ಎರಡು ಫೋಟೋ ಸೇರಿಸಿ ಒಂದು ಮಾಡುವುದು ಕಂಪ್ಯೂಟರ್ ಬಂದ ಮೇಲಿನ ಚಾಳಿ ಅಂದುಕೊಂಡವರು ಇದನ್ನು ಗಮನಿಸಬೇಕು.

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ತಟ್ಟೆಯ ರಾಸಾಯನಿಕಕ್ಕೆ ಕೆಲವು ವರ್ಣದ್ರವ್ಯ ಬೆರೆಸಿದರೆ ಹಸಿರು ಬೆಳಕೂ ಮೂಡುತ್ತದೆ ಅಂತ ಕಂಡುಕೊಂಡ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ. ಅಲ್ಲಿಂದ ಆಚೆಗೆ ಆಟ ಬದಲಾಯಿತು. ಎಲ್ಲ ಬಣ್ಣವೂ ಒಳಗೆ ಬರುವುದಾದರೆ, ಯಾವುದನ್ನು ತಡೆಯಬೇಕು ಅಂತ ಫೋಟೋಗ್ರಾಫರ್ ತೀರ್ಮಾನಿಸಬಹುದು ತಾನೇ?

ತಡೆಯುವ ಸಾಧನವೇ ಫಿಲ್ಟರ್. ಲೆನ್ಸಿನ ಮುಂದೆ ಇಡುವ ಬಣ್ಣದ ಗಾಜು. ನಿಯಮ ಇಷ್ಟೇ: ಫಿಲ್ಟರ್ ತನ್ನ ಬಣ್ಣವನ್ನು ಒಳಗೆ ಬಿಡುತ್ತದೆ, ತನಗೆ ವಿರುದ್ಧವಾದ ಬಣ್ಣವನ್ನು ತಡೆಯುತ್ತದೆ. ಒಳಗೆ ಹೋದದ್ದು ಬೆಳಗುತ್ತದೆ, ತಡೆದದ್ದು ಕಪ್ಪಾಗುತ್ತದೆ. ಹಳದಿ ಫಿಲ್ಟರ್ ಹಾಕಿದರೆ ನೀಲಿ ಆಕಾಶ ಸ್ವಲ್ಪ ಮಂಕಾಗಿ ಮೋಡ ಎದ್ದು ಬರುತ್ತದೆ. ಕಿತ್ತಳೆ ಹಾಕಿದರೆ ಇನ್ನೂ ಜಾಸ್ತಿ. ಕೆಂಪು ಹಾಕಿದರೆ ಆಕಾಶ ಕಪ್ಪಿನ ಹತ್ತಿರ ಹೋಗುತ್ತದೆ. ಮೋಡ ಮಾತ್ರ ಬೆಳ್ಳಗೇ ಇರುತ್ತದೆ, ಯಾಕೆಂದರೆ ಬಿಳಿ ಬೆಳಕಿನಲ್ಲಿ ಕೆಂಪೂ ಇದೆ, ಆ ಪಾಲು ಫಿಲ್ಟರ್ ದಾಟಿ ಬರುತ್ತದೆ. ಹಸಿರು ಫಿಲ್ಟರ್ ಎಲೆಗಳನ್ನು ಬೆಳಗಿಸುತ್ತದೆ.

ಇದರ ಜೊತೆಗೆ ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಬಿಸಿಲಿನ ದಿನ ಬಯಲಿನಲ್ಲಿ ಬೀಳುವ ನೆರಳಿಗೆ ಬೆಳಕು ಬರುವುದು ಸೂರ್ಯನಿಂದಲ್ಲ, ತಲೆಯ ಮೇಲಿನ ನೀಲಿ ಆಕಾಶದಿಂದ. ಅಂದರೆ ನೆರಳೂ ಒಂಚೂರು ನೀಲಿ. ಹಾಗಾಗಿ ಕೆಂಪು ಫಿಲ್ಟರ್ ಆಕಾಶದ ಜೊತೆಗೆ ನೆರಳನ್ನೂ ಕಪ್ಪು ಮಾಡುತ್ತದೆ. ಬಂಡೆಯ ಸೀಳುಗಳೆಲ್ಲ ಕೆತ್ತಿದ ಹಾಗೆ ಆಳವಾಗುತ್ತವೆ. ಇಂಥ ಫೋಟೋಗಳಲ್ಲಿ ಕಾಣುವ ಆ ಗಡಸುತನ ಎಲ್ಲಿಂದ ಬಂತು ಅಂತ ಕೇಳಿದರೆ ಬಹಳ ಸಲ ಉತ್ತರ ಇಲ್ಲಿದೆ.

1927ರ ಎರಡು ತಟ್ಟೆಗಳು

ಇದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡಬೇಕು. ಆನ್ಸೆಲ್ ಆಡಮ್ಸ್ ಅಮೆರಿಕದ ಫೋಟೋಗ್ರಾಫರ್, 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡವರು. ಕಪ್ಪು-ಬಿಳುಪು ನಿಸರ್ಗ ಫೋಟೋ ಅಂದರೆ ಮೊದಲು ಕೇಳಿಬರುವ ಹೆಸರು ಅವರದೇ. 1927ರ ಏಪ್ರಿಲ್ 10ರಂದು ಅವರು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಸ್ನೇಹಿತರ ಜೊತೆ ಹಿಮದಲ್ಲಿ ಹತ್ತಿ, ಹಾಫ್ ಡೋಮ್ ಅನ್ನುವ ದೈತ್ಯ ಬಂಡೆಯ ಎದುರು ಮುಂದಕ್ಕೆ ಚಾಚಿಕೊಂಡ ಒಂದು ಜಾಗಕ್ಕೆ ತಲುಪಿದರು. ಬೆನ್ನ ಮೇಲೆ ದೊಡ್ಡ ಕ್ಯಾಮೆರಾ, ಗಾಜಿನ ತಟ್ಟೆಗಳು. ದಾರಿಯುದ್ದಕ್ಕೂ ಫೋಟೋ ತೆಗೆದು ಅಲ್ಲಿಗೆ ಹೋಗುವಷ್ಟರಲ್ಲಿ ಉಳಿದದ್ದು ಎರಡೇ ತಟ್ಟೆ.

ಮಧ್ಯಾಹ್ನದ ಬಿಸಿಲು ಬಂಡೆಯ ಮುಖಕ್ಕೆ ಓರೆಯಾಗಿ ಬೀಳಲು ಶುರುವಾದಾಗ ಮೊದಲ ತಟ್ಟೆಯನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಅದು ರೂಢಿಯ ಕ್ರಮ. ಲೆನ್ಸ್ ಮುಚ್ಚಿದ ಕೂಡಲೇ ಅನ್ನಿಸಿತು, ಇದರಲ್ಲಿ ಬಂಡೆ ಸರಿಯಾಗಿ ಬಂದಿರುತ್ತದೆ, ಆದರೆ ಎದುರು ನಿಂತಾಗ ಆಗುತ್ತಿರುವ ದಿಗಿಲು ಬಂದಿರುವುದಿಲ್ಲ. ಕೊನೆಯ ತಟ್ಟೆಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಅದು ಅಷ್ಟು ಬೆಳಕನ್ನು ತಡೆಯುವುದರಿಂದ ಸುಮಾರು ಐದು ಸೆಕೆಂಡು ಲೆನ್ಸ್ ತೆರೆದಿಡಬೇಕಾಯಿತು.

ಎರಡೂ ಫೋಟೋ ಉಳಿದಿವೆ. ಜಾಗ ಅದೇ, ದಿನ ಅದೇ, ಬಂಡೆ ಅದೇ. ಮೊದಲನೆಯದರಲ್ಲಿ ಆಕಾಶ ನಸು ಬೂದು, ಬಂಡೆಯೂ ಬೂದು, ಎರಡೂ ಒಂದಕ್ಕೊಂದು ಒರಗಿಕೊಂಡಿವೆ. ಎರಡನೆಯದರಲ್ಲಿ ಆಕಾಶ ಹೆಚ್ಚು ಕಡಿಮೆ ಕಪ್ಪು, ಹಿಮ ಬಿಳಿ, ನಡುವೆ ಬಂಡೆಯ ಅರ್ಧ ಮುಖ ಬೆಳಕಲ್ಲಿ, ಅರ್ಧ ನೆರಳಲ್ಲಿ. ಮೊದಲನೆಯದು ಮಾಹಿತಿ ಕೊಡುತ್ತದೆ, ಎರಡನೆಯದು ಹೆದರಿಸುತ್ತದೆ. ಬೇರೆ ಏನೂ ಬದಲಾಗಿಲ್ಲ, ಗಾಜಿನ ಬಣ್ಣ ಬಿಟ್ಟರೆ.

'ಇದು ಮೋಸ ಅಲ್ವಾ?' ಅಂತ ಕೇಳುವವರು ಇದ್ದಾರೆ. ಮಧ್ಯಾಹ್ನದ ಆಕಾಶ ಕಪ್ಪಗಿರುವುದಿಲ್ಲ, ನಿಜ. ಆದರೆ ಬೂದು ಬಣ್ಣದಲ್ಲೂ ಇರುವುದಿಲ್ಲ. ನೀಲಿಗೆ ಸರಿಸಮವಾದ ಬೂದು ಯಾವುದು ಅಂತ ಪ್ರಕೃತಿ ಎಲ್ಲೂ ಬರೆದಿಟ್ಟಿಲ್ಲ, ಯಾರಾದರೂ ಒಂದನ್ನು ಆರಿಸಲೇಬೇಕು. ನೀವು ಆರಿಸದಿದ್ದರೆ ಕ್ಯಾಮೆರಾ ಕಂಪನಿ ಆರಿಸುತ್ತದೆ.

ಹನ್ನೊಂದು ಮೆಟ್ಟಿಲು

ಇದೇ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1939-40ರ ಸುಮಾರಿಗೆ ಲಾಸ್ ಏಂಜಲಿಸ್‌ನಲ್ಲಿ ಪಾಠ ಮಾಡುತ್ತಿದ್ದಾಗ ಒಂದು ಕ್ರಮ ರೂಪಿಸಿದರು. ಹೆಸರು ಜೋನ್ ಸಿಸ್ಟಮ್. ಕೇಳಲು ಭಾರೀ ಅನ್ನಿಸಿದರೂ ಒಳಗಿನ ವಿಚಾರ ಹಗುರ. ಕಪ್ಪಿನಿಂದ ಬಿಳುಪಿನವರೆಗಿನ ದಾರಿಯನ್ನು ಒಂದು ಮಹಡಿ ಮೆಟ್ಟಿಲಿನ ಹಾಗೆ 0ಯಿಂದ 10ರವರೆಗೆ ಭಾಗ ಮಾಡಿದರು. 0 ಅಂದರೆ ಏನೂ ಕಾಣದ ಕಪ್ಪು. 10 ಅಂದರೆ ಬರೀ ಕಾಗದದ ಬಿಳುಪು. 5 ಸರಿಯಾಗಿ ನಡುವಿನ ಬೂದು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18% ವಾಪಸ್ ಕಳಿಸುವಂಥದ್ದು. ಒಂದು ಮೆಟ್ಟಿಲು ಮೇಲೆ ಹೋದರೆ ದೃಶ್ಯದಲ್ಲಿ ಬೆಳಕು ಎರಡರಷ್ಟು.

ನೋಡುಗರಿಗೆ ಇದರಲ್ಲಿ ಮುಖ್ಯವಾದ ಮೆಟ್ಟಿಲುಗಳು ಎರಡೇ. 3ನೆಯದು: ಕಪ್ಪಗಿದ್ದರೂ ಒಳಗೆ ಏನಿದೆ ಅಂತ ಕಾಣುವ ನೆರಳು. ಮರದ ತೊಗಟೆ, ಬಂಡೆಯ ಸಂದು. 7ನೆಯದು: ಬೆಳ್ಳಗಿದ್ದರೂ ಮೇಲ್ಮೈ ಗೊತ್ತಾಗುವ ಜಾಗ. ಹಿಮದ ಮೇಲಿನ ಗೀರು, ಮೋಡದ ಮಡಿಕೆ. ಒಳ್ಳೆಯ ಪ್ರಿಂಟ್ ಸಿಕ್ಕರೆ ಮೊದಲು ಈ ಎರಡು ಜಾಗ ಹುಡುಕಿ. ನೆರಳಿನೊಳಗೆ ಇಣುಕಿದಷ್ಟೂ ಏನೋ ಸಿಗುತ್ತಿದ್ದರೆ, ಬಿಳುಪಿನ ಒಳಗೂ ನಯವಾದ ಏರಿಳಿತ ಇದ್ದರೆ, ತೆಗೆದವರ ಕೈ ಪಳಗಿದೆ ಅಂತ ಅರ್ಥ.

ಇದು ಯಾಕೆ ಕಷ್ಟ ಅಂದರೆ, ಬಿಸಿಲಿನ ದೃಶ್ಯದಲ್ಲಿ ಅತಿ ಬೆಳಕಿನ ಜಾಗಕ್ಕೂ ದಟ್ಟ ನೆರಳಿಗೂ ಸಾವಿರ ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಹೊಳಪಿನ ಫೋಟೋ ಕಾಗದ ತೋರಿಸಬಲ್ಲದ್ದು ಸರಿಸುಮಾರು ನೂರು ಪಟ್ಟು. ಅಷ್ಟು ದೊಡ್ಡದನ್ನು ಇಷ್ಟರಲ್ಲಿ ಹಿಡಿಸಬೇಕು. ಏನನ್ನೋ ಬಿಡಬೇಕಾಗುತ್ತದೆ, ಏನನ್ನೋ ಹಿಂಡಬೇಕಾಗುತ್ತದೆ. ಏನು ಬಿಟ್ಟರು ಅನ್ನುವುದರಲ್ಲೇ ಒಬ್ಬೊಬ್ಬರ ಸ್ವಭಾವ ಕಾಣುವುದು.

ಎಲ್ಲರೂ ಎಲ್ಲ ಮೆಟ್ಟಿಲನ್ನೂ ಬಳಸಲೇಬೇಕು ಅಂತಿಲ್ಲ, ಇದನ್ನು ಒತ್ತಿ ಹೇಳಬೇಕು. ಇಟಲಿಯ ಮಾರಿಯೊ ಜಾಕೊಮೆಲ್ಲಿ (1925-2000) ನಡುವಿನ ಬೂದುಗಳನ್ನು ಹೆಚ್ಚು ಕಡಿಮೆ ಎಸೆದೇಬಿಟ್ಟರು. ಎತ್ತರದಿಂದ ತೆಗೆದ ಅವರ ಹೊಲಗಳಲ್ಲಿ ಕಪ್ಪು ಗೆರೆ, ಬಿಳಿ ಪಟ್ಟೆ ಅಷ್ಟೇ. ಆಕಾಶವೂ ಇರುವುದಿಲ್ಲ. ಎಲ್ಲಿ ಉಳಬೇಕು ಅಂತ ರೈತರಿಗೆ ಹೇಳಿ ಟ್ರ್ಯಾಕ್ಟರಿನಿಂದ ಗೆರೆ ಎಳೆಸಿದ್ದೂ ಉಂಟು. ಆಡಮ್ಸ್ ಅಳತೆಗೋಲು ಹಿಡಿದು ಹೋದರೆ ಜಾಕೊಮೆಲ್ಲಿ ಫೇಲ್. ಆ ಅಳತೆಗೋಲನ್ನು ಎಲ್ಲ ಕಡೆ ಹಿಡಿದುಕೊಂಡು ಹೋಗಬಾರದು. ಮಂಜಿನ ಫೋಟೋ ಇದ್ದರೆ ಅದರಲ್ಲಿ ಕಪ್ಪೇ ಇಲ್ಲದಿರಬಹುದು, 6ರಿಂದ 9ರೊಳಗೇ ಎಲ್ಲ ಮುಗಿಯಬಹುದು. ಅದೂ ಸರಿ.

ಆಳ ಎಲ್ಲಿಂದ ಬರುತ್ತದೆ?

ಕಾಗದ ಚಪ್ಪಟೆ. ಆದರೂ ಕೆಲವು ಫೋಟೋಗಳೊಳಗೆ ನಡೆದುಕೊಂಡು ಹೋಗಬಹುದು ಅನ್ನಿಸುತ್ತದೆ. ಬಣ್ಣದಲ್ಲಿ ಈ ಕೆಲಸಕ್ಕೆ ಸಹಾಯಕರು ಬೇಕಾದಷ್ಟಿದ್ದಾರೆ. ಕಪ್ಪು-ಬಿಳುಪಿನಲ್ಲಿ ಮುಖ್ಯವಾಗಿ ಮಂಜು ಮತ್ತು ಓರೆ ಬೆಳಕು.

ದೂರದ ಬೆಟ್ಟ ಹತ್ತಿರದ ಬೆಟ್ಟಕ್ಕಿಂತ ಮಸುಕಾಗಿ ಕಾಣುತ್ತದೆ, ನಡುವಿನ ಗಾಳಿಯಲ್ಲಿರುವ ತೇವ, ಧೂಳು ಬೆಳಕನ್ನು ಚೆದುರಿಸುವುದರಿಂದ. ಒಂದರ ಹಿಂದೆ ಒಂದು ಬೆಟ್ಟಸಾಲು ಇದ್ದರೆ ಒಂದೊಂದೂ ಒಂದೊಂದು ಬೂದಾಗುತ್ತಾ ಹೋಗುತ್ತದೆ, ಕಣ್ಣು ತಾನಾಗಿಯೇ ದೂರ ಅಳೆಯುತ್ತದೆ. ಇಲ್ಲೂ ಫಿಲ್ಟರ್ ಆಟ ಇದೆ. ಈ ಮಸುಕಿನಲ್ಲಿ ನೀಲಿ ಜಾಸ್ತಿ ಇರುವುದರಿಂದ ಕೆಂಪು ಫಿಲ್ಟರ್ ಹಾಕಿದರೆ ದೂರದ ಬೆಟ್ಟ ಸ್ಪಷ್ಟವಾಗುತ್ತದೆ, ನೀಲಿ ಹಾಕಿದರೆ ಇನ್ನಷ್ಟು ಕರಗುತ್ತದೆ. ಹತ್ತು ಮೈಲಿ ಆಚೆಯ ಶಿಖರ ಅಲ್ಲೇ ಕೈಗೆ ಸಿಗುವ ಹಾಗಿದ್ದರೆ, ಅಥವಾ ಹತ್ತಿರದ ಗುಡ್ಡವೂ ಕನಸಿನಂತಿದ್ದರೆ, ಅದು ಬೇಕೆಂದೇ ಮಾಡಿದ್ದಿರಬಹುದು.

ಇನ್ನು ಓರೆ ಬೆಳಕು. ನಡುಮಧ್ಯಾಹ್ನ ತಲೆ ಮೇಲಿನ ಬಿಸಿಲಲ್ಲಿ ನೆಲ ಬಡವಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಪಕ್ಕದಿಂದ ಬೆಳಕು ಬಂದರೆ ಪ್ರತಿ ಕಲ್ಲಿಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು. ಮರಳಿನ ಮೇಲಿನ ಅಲೆ, ತೊಗಟೆಯ ಒರಟು, ಎಲ್ಲ ಬೆರಳಿಗೆ ತಾಕುವ ಹಾಗೆ ಎದ್ದು ಬರುತ್ತವೆ. ಮರಳಿನ ದಿಬ್ಬದ ಫೋಟೋಗಳು ಕಪ್ಪು-ಬಿಳುಪಿನಲ್ಲಿ ಅಷ್ಟು ಚೆನ್ನಾಗಿರುವುದು ಇದರಿಂದಲೇ. ಮರಳಿಗೆ ಬಣ್ಣ ಒಂದೇ, ಬೆಳಕು ನೆರಳೇ ಅದರ ಆಸ್ತಿ.

ಚೌಕಟ್ಟಿನೊಳಗೆ ಯಾವುದು ಎಲ್ಲಿ ಅನ್ನುವುದರ ಬಗ್ಗೆ ನಿಯಮಗಳು ತುಂಬಾ ಇವೆ. ದಿಗಂತ ನಡುವೆ ಇರಬಾರದು ಅನ್ನುವುದು ಅದರಲ್ಲೊಂದು. ಜಪಾನಿನ ಹಿರೋಶಿ ಸುಗಿಮೊಟೊ 1980ರಿಂದ ಸಮುದ್ರದ ಫೋಟೋ ತೆಗೆಯುತ್ತಿದ್ದಾರೆ, ಮೇಲರ್ಧ ಆಕಾಶ, ಕೆಳಗರ್ಧ ನೀರು, ಗೆರೆ ಸರಿಯಾಗಿ ನಡುವೆ. ಬೇರೆ ಏನೂ ಇಲ್ಲ. ಹಡಗಿಲ್ಲ, ಹಕ್ಕಿಯಿಲ್ಲ. ನಿಯಮ ಮುರಿದರೂ ಫೋಟೋ ನಿಂತಿದೆ, ಹಾಗಾಗಿ ನಿಯಮದ ಪಟ್ಟಿ ಹಿಡಿದು ಅಂಕ ಕೊಡುವುದರಲ್ಲಿ ನನಗಂತೂ ನಂಬಿಕೆ ಇಲ್ಲ. ಅದರ ಬದಲು ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ, ಎಲ್ಲಿ ನಿಂತಿತು ಅಂತ ನೋಡಿಕೊಂಡರೆ ಸಾಕು. ಬಣ್ಣವಿಲ್ಲದ ಫೋಟೋದಲ್ಲಿ ಕಣ್ಣು ಸಾಮಾನ್ಯವಾಗಿ ಅತಿ ಬೆಳಗಿದ ಜಾಗಕ್ಕೆ, ಅಥವಾ ಕಪ್ಪು-ಬಿಳುಪು ಒಂದಕ್ಕೊಂದು ಅಂಟಿಕೊಂಡಿರುವ ಅಂಚಿಗೆ ಮೊದಲು ಹೋಗುತ್ತದೆ. ಆ ಜಾಗ ಮುಖ್ಯವಾದದ್ದೇ ಆಗಿದ್ದರೆ ಸರಿ. ಮೂಲೆಯಲ್ಲಿ ಬಿಳಿ ಆಕಾಶದ ಒಂದು ಚೂರು ಕಣ್ಣನ್ನು ಪದೇಪದೇ ಎಳೆಯುತ್ತಿದ್ದರೆ ಅದು ದೋಷ.

ಒಂದು ಪೂರ್ತಿ ಫೋಟೋ ನೋಡೋಣ

ಆಡಮ್ಸ್ ಅವರದೇ ಇನ್ನೊಂದು, 'ಮೂನ್‌ರೈಸ್, ಹೆರ್ನಾಂಡೆಜ್, ನ್ಯೂ ಮೆಕ್ಸಿಕೊ'. ಹುಡುಕಿದರೆ ತಕ್ಷಣ ಸಿಗುತ್ತದೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಅರ್ಧಕ್ಕಿಂತ ಜಾಸ್ತಿ ಜಾಗ ಆಕಾಶ, ಬಹುತೇಕ ಕಪ್ಪು. ಅದರಲ್ಲಿ ಪುಟ್ಟ ಚಂದ್ರ. ಚಂದ್ರನ ಕೆಳಗೆ ತೆಳ್ಳಗೆ ಹೊಳೆಯುವ ಮೋಡದ ಪಟ್ಟಿ, ಹಿಮದ ಬೆಟ್ಟ. ಇನ್ನೂ ಕೆಳಗೆ ಒಂದು ಹಳ್ಳಿ, ಚರ್ಚು, ಸಮಾಧಿಗಳು. ಸಮಾಧಿಗಳ ಮೇಲಿನ ಶಿಲುಬೆಗಳು ಬೆಳ್ಳಗೆ ಹೊಳೆಯುತ್ತಿವೆ. ಗಮನಿಸಿ, ಹೊಳೆಯುವ ವಸ್ತುಗಳೆಲ್ಲ ಚಿಕ್ಕವು. ಚಂದ್ರ ಮೇಲೆ, ಶಿಲುಬೆಗಳು ಕೆಳಗೆ, ನಡುವೆ ಮೋಡದ ಗೆರೆ. ಕಣ್ಣು ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಆ ದೊಡ್ಡ ಕಪ್ಪು ಖಾಲಿಯಾಗಿದ್ದರೂ ಸುಮ್ಮನೆ ಇಲ್ಲ, ಕೆಳಗಿನ ಹಳ್ಳಿಯನ್ನು ಅದು ಎಷ್ಟು ಚಿಕ್ಕದು ಮಾಡಿದೆ ನೋಡಿ.

ಇದು ರಾತ್ರಿಯ ಫೋಟೋ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ. ಶಿಲುಬೆಗಳ ಮೇಲೆ ಬಿದ್ದಿರುವುದು ಮುಳುಗುವ ಸೂರ್ಯನ ಬೆಳಕು. ಆಡಮ್ಸ್‌ಗೆ ದಿನಾಂಕ ಬರೆದಿಡುವ ಅಭ್ಯಾಸ ಇರಲಿಲ್ಲ, ಈ ಫೋಟೋಗೆ ಬೇರೆ ಬೇರೆ ವರ್ಷ ಹೇಳುತ್ತಿದ್ದರು. ಕೊನೆಗೆ ಚಂದ್ರ ಆಕಾಶದಲ್ಲಿ ಎಲ್ಲಿದ್ದಾನೆ ಅನ್ನುವುದನ್ನೇ ಹಿಡಿದು ಖಗೋಳ ಬಲ್ಲವರು ಲೆಕ್ಕ ಹಾಕಿದರು: 1941ರ ನವೆಂಬರ್ 1, ಸಂಜೆ ಸುಮಾರು 4 ಗಂಟೆ 49 ನಿಮಿಷ.

ಕಾರಿನಲ್ಲಿ ಹೋಗುತ್ತಿದ್ದವರು ಇದನ್ನು ಕಂಡು ಗಕ್ಕನೆ ನಿಲ್ಲಿಸಿ, ಗಡಿಬಿಡಿಯಲ್ಲಿ ದೊಡ್ಡ ಕ್ಯಾಮೆರಾ ಜೋಡಿಸಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಬಿಸಿಲು ಶಿಲುಬೆಗಳನ್ನು ಬಿಟ್ಟು ಹೋಗುವ ಹೊತ್ತು. ಚಂದ್ರನ ಹೊಳಪು ಎಷ್ಟು ಅನ್ನುವುದು ಅವರಿಗೆ ಬಾಯಿಪಾಠ ಇತ್ತು, ಚದರ ಅಡಿಗೆ 250 ಕ್ಯಾಂಡಲ್ (ಕ್ಯಾಂಡಲ್ ಅನ್ನುವುದು ಬೆಳಕಿನ ಒಂದು ಅಳತೆ). ಅದನ್ನು 7ನೇ ಮೆಟ್ಟಿಲಿಗೆ ಕೂರಿಸಿ, ಮಿಕ್ಕದ್ದು ಎಲ್ಲಿ ಬೀಳುತ್ತದೋ ಬೀಳಲಿ ಅಂತ ಲೆಕ್ಕ ಹಾಕಿ ಒಂದು ಸೆಕೆಂಡು ತೆರೆದಿಟ್ಟರು. ಎರಡನೆಯದಕ್ಕೆ ಫಿಲ್ಮ್ ತಿರುಗಿಸುವಷ್ಟರಲ್ಲಿ ಬಿಸಿಲು ಹೋಗಿತ್ತು.

ಕಥೆಯ ಮುಖ್ಯ ಭಾಗ ಇದಾದ ಮೇಲೆ ಬರುತ್ತದೆ. ಆ ನೆಗೆಟಿವ್ ಕಷ್ಟದ್ದು. ಕೆಳಭಾಗ ತೀರಾ ತೆಳುವಾಗಿ ಮೂಡಿತ್ತು, 1948ರಲ್ಲಿ ಆ ಭಾಗವನ್ನು ರಾಸಾಯನಿಕದಿಂದ ಗಟ್ಟಿ ಮಾಡಬೇಕಾಯಿತು. ಡಾರ್ಕ್‌ರೂಮಿನಲ್ಲಿ, ಅಂದರೆ ಕತ್ತಲೆ ಕೋಣೆಯಲ್ಲಿ, ನೆಗೆಟಿವ್ ಮೂಲಕ ಫೋಟೋ ಕಾಗದದ ಮೇಲೆ ಬೆಳಕು ಬಿಟ್ಟು ಪ್ರಿಂಟ್ ಮಾಡುವಾಗ ಎರಡು ಮೂಲ ಕೈಚಳಕಗಳಿವೆ. ಆ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಒಂದು ಜಾಗಕ್ಕೆ ಹೆಚ್ಚು ಹೊತ್ತು ಬೆಳಕು ಬಿಟ್ಟು ಕಪ್ಪು ಮಾಡುವುದು ಬರ್ನಿಂಗ್. ಬೆಳಕಿಗೆ ಕೈ ಅಡ್ಡ ಇಟ್ಟು ಒಂದು ಜಾಗವನ್ನು ತಿಳಿಯಾಗಿಸುವುದು ಡಾಡ್ಜಿಂಗ್. ಈ ಫೋಟೋದ ಆಕಾಶ ಅಷ್ಟು ಕಪ್ಪಾದದ್ದು ಬರ್ನಿಂಗ್‌ನಿಂದ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶ ಬೂದಾಗಿದೆ, ಮೇಲೆ ಮೋಡದ ಎಳೆಗಳೂ ಕಾಣುತ್ತವೆ. ವರ್ಷ ಹೋದಂತೆ ಆಕಾಶವನ್ನು ಕಪ್ಪಾಗಿಸುತ್ತಾ ಹೋದರು, 1970ರ ದಶಕದ ಪ್ರಿಂಟ್‌ಗಳಲ್ಲಿ ಆ ಎಳೆಗಳು ಇಲ್ಲವೇ ಇಲ್ಲ ಅನ್ನುವಷ್ಟು. ಒಂದೇ ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಪ್ರಿಂಟ್ ಮಾಡಿದರು. ಪಿಯಾನೋ ಕಲಿತವರಾದ್ದರಿಂದ ಅವರು ನೆಗೆಟಿವ್ ಅಂದರೆ ಬರೆದಿಟ್ಟ ಸ್ವರ, ಪ್ರಿಂಟ್ ಅಂದರೆ ಸಂಗೀತ ಕಛೇರಿ ಅನ್ನುತ್ತಿದ್ದರು. ನನಗೆ ನಡುವಿನ ವರ್ಷಗಳ ಪ್ರಿಂಟ್‌ಗಳು ಹೆಚ್ಚು ಇಷ್ಟ, ಚೂರು ಮೋಡ ಉಳಿದಿರುವಂಥವು. ತೀರಾ ಕಪ್ಪಾದವು ಸ್ವಲ್ಪ ನಾಟಕೀಯ ಅನ್ನಿಸುತ್ತವೆ. ನೀವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಅಭಿಪ್ರಾಯಕ್ಕೆ ಬರಬಹುದು.

ಹೊತ್ತು ಕೂಡ ಮೂಡುತ್ತದೆ

ಕೆಲವು ಫೋಟೋಗಳಲ್ಲಿ ನೀರು ಹಾಲಿನ ಹಾಗೆ ನುಣ್ಣಗಿರುತ್ತದೆ. ಇದು ಎಡಿಟಿಂಗ್ ಅಲ್ಲ. ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟಾಗ ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ಸರಾಸರಿಯಾಗಿಬಿಡುತ್ತವೆ. ಬ್ರಿಟನ್ನಿನ ಮೈಕಲ್ ಕೆನ್ನಾ ರಾತ್ರಿಯಲ್ಲಿ ಹತ್ತು ಗಂಟೆವರೆಗೂ ತೆರೆದಿಟ್ಟು ತೆಗೆದದ್ದಿದೆ. ಹಿಮದ ಬಯಲಿನಲ್ಲಿ ಒಂದು ಬೇಲಿ, ಒಂದು ಮರ, ಅಷ್ಟೇ. ಅವರ ಪ್ರಿಂಟ್‌ಗಳೂ ಪುಟ್ಟವು, ಹೆಚ್ಚು ಕಡಿಮೆ 20 ಸೆಂಟಿಮೀಟರ್ ಚೌಕ. ಹತ್ತಿರ ಹೋಗದೆ ನೋಡಲು ಆಗುವುದಿಲ್ಲ. ಅದಕ್ಕೆ ಎದುರಾಗಿ ಗೋಡೆ ತುಂಬುವ ಪ್ರಿಂಟ್‌ಗಳಿವೆ, ಅವನ್ನು ದೂರದಿಂದ ಒಮ್ಮೆ, ಮೂಗು ತಾಗುವಷ್ಟು ಹತ್ತಿರದಿಂದ ಒಮ್ಮೆ ನೋಡಬೇಕು. ಹತ್ತಿರ ಹೋದಾಗ ಕಾಣುವ ಸಣ್ಣ ಚುಕ್ಕಿಗಳು ಗ್ರೇನ್, ಫಿಲ್ಮಿನೊಳಗಿನ ಬೆಳ್ಳಿಯ ಕಣಗಳು ಗುಂಪುಗೂಡಿ ಮೂಡಿಸಿದ್ದು.

ಫೋನಿನಲ್ಲಿ ನೋಡುವಾಗ ಪರದೆಯ ಬೆಳಕು ತೀರಾ ಕಡಿಮೆ ಇಟ್ಟಿದ್ದರೆ 3ನೇ ಮೆಟ್ಟಿಲಿನ ನೆರಳುಗಳೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತವೆ. ಬಿಸಿಲಲ್ಲಿ ನಿಂತು ನೋಡಿದರೂ ಅದೇ ಪಾಡು. ಕಣ್ಣಿನ ರಕ್ಷಣೆಗೆ ಅಂತ ಪರದೆಯನ್ನು ಹಳದಿ ಮಾಡುವ ಸೌಲಭ್ಯ ಹಾಕಿಕೊಂಡಿದ್ದರೆ ಅದನ್ನೂ ಆಫ್ ಮಾಡಿ.

ಸಪ್ಪೆ ಫೋಟೋ ಗುರುತಿಸುವುದು

ಕಪ್ಪು-ಬಿಳುಪು ಅಂದ ಮಾತ್ರಕ್ಕೆ ಕಲೆ ಆಗಿಬಿಡುವುದಿಲ್ಲ. ಮಳೆ ನಿಂತ ಮೇಲಿನ ಹೊಸ ಹಸಿರು, ಕೆಂಪೇರಿದ ಸಂಜೆ ಆಕಾಶ, ಇಂಥವುಗಳಲ್ಲಿ ಬಣ್ಣವೇ ವಿಷಯ. ಬಣ್ಣ ತೆಗೆದರೆ ಏನೂ ಉಳಿಯದು. ಅಂಥ ಫೋಟೋವನ್ನು ಗಂಭೀರವಾಗಿ ಕಾಣಲಿ ಅಂತ ಬೂದು ಮಾಡಿದ್ದರೆ ಗೊತ್ತಾಗಿಬಿಡುತ್ತದೆ, ಕಣ್ಣಿಗೆ ನಿಲ್ಲಲು ಜಾಗವೇ ಸಿಗುವುದಿಲ್ಲ.

ಇನ್ನೊಂದು ತರಹದ ತಪ್ಪು ಅತಿಯಾಗಿ ಮಾಡುವುದು. ಬೆಟ್ಟದ ಅಂಚಿನುದ್ದಕ್ಕೂ ತೆಳ್ಳನೆಯ ಬಿಳಿ ಪ್ರಭೆ ಕಂಡರೆ, ಆಕಾಶವನ್ನು ಬಲವಂತವಾಗಿ ಕಪ್ಪು ಮಾಡಿದ್ದಾರೆ ಅಂತ ತಿಳಿಯಿರಿ. ಮೋಡದ ಪ್ರತಿ ಮಡಿಕೆಯೂ ಕಬ್ಬಿಣದ ಹಾಗೆ ಗಡುಸಾಗಿದ್ದರೆ ಅದೂ ಅದೇ ಜಾತಿ. ಸಲ್ಗಾಡೊ ಫೋಟೋಗಳಿಗೂ ಕೆಲವರು ಇದೇ ಆರೋಪ ಹೊರಿಸುತ್ತಾರೆ, ನಾಟಕ ಜಾಸ್ತಿ ಅಂತ. ಇನ್ನು ಕೆಲವರಿಗೆ ಅದೇ ಇಷ್ಟ. 2004ರಿಂದ ಸುಮಾರು ಎಂಟು ವರ್ಷ ತಿರುಗಿ ಅವರು ತೆಗೆದ 'ಜೆನೆಸಿಸ್' ಸರಣಿಯನ್ನು ಈ ಕಣ್ಣಿನಿಂದ ನೋಡಬಹುದು: ನೆರಳಿನೊಳಗೆ ಏನಾದರೂ ಕಾಣುತ್ತದಾ, ಬಿಳುಪು ಉರಿದಿದೆಯಾ, ಆಕಾಶ ನೆಲದ ಜೊತೆ ಹೊಂದುತ್ತದಾ.

ಕೈಯಾರೆ ಮಾಡಿ ನೋಡುವುದಾದರೆ

ಇಷ್ಟು ಓದಿದ್ದನ್ನು ಪರೀಕ್ಷಿಸಲು ಕ್ಯಾಮೆರಾ ಕೊಳ್ಳಬೇಕಿಲ್ಲ. ನೀಲಿ ಆಕಾಶ, ಮೋಡ, ಹುಲ್ಲು, ಕಲ್ಲು ಎಲ್ಲ ಇರುವ ನಿಮ್ಮದೇ ಒಂದು ಬಣ್ಣದ ಫೋಟೋ ಆರಿಸಿಕೊಳ್ಳಿ. ಕಪ್ಪು-ಬಿಳುಪು ಮಾಡುವಾಗ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್ ಕೊಡುವ ಎಡಿಟಿಂಗ್ ಆಪ್‌ನಲ್ಲಿ ತೆರೆಯಿರಿ, ಫಿಲ್ಟರ್ ಗಾಜಿನ ಕೆಲಸವನ್ನು ಈಗ ಮಾಡುವುದು ಆ ಸ್ಲೈಡರ್‌ಗಳೇ. ನೀಲಿಯನ್ನು ನಿಧಾನವಾಗಿ ಎಡಕ್ಕೆ ಎಳೆಯಿರಿ. ಆಕಾಶ ಮುಳುಗುತ್ತದೆ, ಮೋಡ ಏಳುತ್ತದೆ, ನೆರಳುಗಳೂ ಜೊತೆಗೆ ಇಳಿಯುತ್ತವೆ. ಇನ್ನೂ ಎಳೆದರೆ ಒಂದು ಹಂತದಲ್ಲಿ ಆಕಾಶದಲ್ಲಿ ಮರಳು ಚೆಲ್ಲಿದಂತೆ ಚುಕ್ಕಿಗಳು ಬರುತ್ತವೆ, ಬೆಟ್ಟದ ಅಂಚಿನಲ್ಲಿ ಆ ಬಿಳಿ ಗೆರೆ ಹುಟ್ಟುತ್ತದೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬನ್ನಿ. ಆಮೇಲೆ ಹುಲ್ಲು ಬೆಳಗಬೇಕಾದರೆ ಹಸಿರು ಸ್ಲೈಡರ್ ಹಿಡಿದು ಕೂರಬೇಡಿ, ಹಳದಿಯದನ್ನು ಬಲಕ್ಕೆ ತಳ್ಳಿ. ಬಿಸಿಲಿಗೆ ಬಿದ್ದ ಹುಲ್ಲಿನಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹಳದಿ ಜಾಸ್ತಿ ಇರುತ್ತದೆ.